ಸೀಟು ಆರಿಸುವಾಗಲೇ ಸಾಲದ ಲೆಕ್ಕ

ಪಿಯುಸಿ ಫಲಿತಾಂಶ ಬಂದ ಕೂಡಲೇ ಎಷ್ಟೋ ಮನೆಗಳಲ್ಲಿ ಮಾತು ಬ್ಯಾಂಕಿನ ಕಡೆ ಹೊರಳುತ್ತದೆ. ಕಂತು ಕಟ್ಟುವುದು ಕೆಲಸ ಸಿಕ್ಕ ಮೇಲೆ ತಾನೇ ಎಂಬ ಸಮಾಧಾನ ಬೇರೆ. ಆದರೆ ಕಂತು ಶುರುವಾಗುವ ಮೊದಲೇ ಬಡ್ಡಿ ಶುರುವಾಗಿರುತ್ತದೆ. ವರ್ಷದ ಆರಂಭದಲ್ಲಿ 2 ಲಕ್ಷದಂತೆ ನಾಲ್ಕು ವರ್ಷ ಸಾಲ ಪಡೆದಿರಿ, ಬಡ್ಡಿ ಶೇ. 10, ಅದೂ ಸರಳ ಬಡ್ಡಿ ಎಂದುಕೊಳ್ಳಿ. ಕೋರ್ಸ್ ಮುಗಿದು ಒಂದು ವರ್ಷದ ವಿನಾಯಿತಿಯೂ ಕಳೆದು ಮೊದಲ ಕಂತಿಗೆ ನಿಂತಾಗ 8 ಲಕ್ಷದ ಸಾಲ 10.80 ಲಕ್ಷವಾಗಿರುತ್ತದೆ. ಈ ಹೊರೆ ಎಷ್ಟೆಂಬುದು ಬಹುಮಟ್ಟಿಗೆ ಬ್ಯಾಂಕಿನ ಮೆಟ್ಟಿಲು ಹತ್ತುವ ಮೊದಲೇ, ನಾವು ಸೀಟು ಆರಿಸುವ ರೀತಿಯಲ್ಲಿ, ಕಾಗದಪತ್ರ ಹೊಂದಿಸುವ ಅಭ್ಯಾಸದಲ್ಲಿ ತೀರ್ಮಾನವಾಗಿಬಿಡುತ್ತದೆ.

ಎಂಜಿನಿಯರಿಂಗನ್ನೇ ನೋಡಿ. ಒಂದೇ ಕಾಲೇಜು, ಒಂದೇ ತರಗತಿ, ಕೊನೆಗೆ ಸಿಗುವುದೂ ಅದೇ ಪದವಿ. ಆದರೂ ಸಿಇಟಿ ಸೀಟಿನ ಶುಲ್ಕಕ್ಕೂ ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕಕ್ಕೂ ಅಜಗಜಾಂತರ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಇದ್ದರೆ, ಬೋಧನಾ ಶುಲ್ಕವಿಲ್ಲದ ಸೂಪರ್‌ನ್ಯೂಮರರಿ ಸೀಟಿಗೂ ಪ್ರಯತ್ನಿಸಬಹುದು. ಎಸ್ಸೆಸ್ಸೆಲ್ಸಿ ನಂತರ ಡಿಪ್ಲೊಮಾ ಮಾಡಿ ಡಿಸಿಇಟಿ ಬರೆದವರಿಗೆ ನೇರವಾಗಿ ಎರಡನೇ ವರ್ಷಕ್ಕೇ ಪ್ರವೇಶ; ಪದವಿಯ ಒಂದು ವರ್ಷದ ಶುಲ್ಕವೇ ಉಳಿಯಿತು. ಇಂಥದ್ದೇ ಬ್ರಾಂಚ್, ಇಂಥದ್ದೇ ಊರು ಎಂಬ ಹಟವನ್ನು ತುಸು ಸಡಿಲಿಸಿದರೆ ಲಕ್ಷಗಳ ಲೆಕ್ಕವೇ ಬದಲಾಗುತ್ತದೆ.

ವಿದ್ಯಾರ್ಥಿವೇತನ ನಮಗೆಲ್ಲಿ ಸಿಗುತ್ತದೆ ಎನ್ನುವವರುಂಟು. ಅರ್ಹತೆಯಿದ್ದೂ ಅದು ಕೈತಪ್ಪುವುದು ಸಣ್ಣಪುಟ್ಟ ಅಲಕ್ಷ್ಯದಿಂದ: ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ತುಂಬಲು ಕೂತಾಗ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯೇ ಇಲ್ಲ. ಬ್ಯಾಂಕು, ನಾಡಕಚೇರಿಯ ಈ ಕೆಲಸಗಳನ್ನು ಎರಡನೇ ಪಿಯುಸಿಯಲ್ಲೇ ಮುಗಿಸಿ, ಕೊನೆಯ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟರೆ ಅರ್ಧ ಗೆದ್ದಂತೆ. ಊಟ, ವಸತಿಯ ಖರ್ಚಿಗೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಹಾಸ್ಟೆಲುಗಳಿವೆ. ಸಿದ್ಧಗಂಗೆಯಂಥ ಮಠಗಳಲ್ಲಿ ಬಡ ಮಕ್ಕಳಿಗೆ ಅನ್ನ, ಆಶ್ರಯ ಕೊಡುವ ಪರಂಪರೆಯೇ ಇದೆ. ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಕಿಲ್ಲ.

ಇಷ್ಟಾದರೂ ಹಣ ಸಾಲದಿದ್ದರೆ? ಒಳ್ಳೆಯ ಓದಿಗೆ ಮಾಡುವ ಸಾಲ ಹೂಡಿಕೆಯಲ್ಲವೇ? ಕೆಲವೊಮ್ಮೆ ಹೌದು. ಆದರೆ ಹೂಡಿಕೆ ಎನ್ನುವವರು ಆ ಕಾಲೇಜಿನ ಆ ಬ್ರಾಂಚಿನಿಂದ ಹೊರಬಂದವರ ನಿಜವಾದ ಆರಂಭಿಕ ಸಂಬಳವನ್ನು ವಿಚಾರಿಸಿ, ಕಂತಿನ ಪಕ್ಕದಲ್ಲಿಟ್ಟು ನೋಡಬೇಕು. ಜಾಹೀರಾತಿನ ಗರಿಷ್ಠ ಪ್ಯಾಕೇಜನ್ನಲ್ಲ. ಸಾಲ ತುಸು ತಗ್ಗಿಸಲು ಬಿಡುವಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಸಂಪಾದಿಸಬಹುದು. ಹಾಜರಾತಿಗೆ ಪೆಟ್ಟು ಬೀಳುವಂತಿದ್ದರೆ ಅದೂ ಬೇಡ. ಮೊದಲು ಸೀಟು, ಆಮೇಲೆ ವಿದ್ಯಾರ್ಥಿವೇತನ, ಹಾಸ್ಟೆಲು; ಇವೆಲ್ಲ ಆದ ಮೇಲೂ ಕಡಿಮೆ ಬಿದ್ದಷ್ಟಕ್ಕೆ ಮಾತ್ರ ಸಾಲ. ಈ ಕ್ರಮ ತಪ್ಪಬೇಡಿ.