ಸಂಜೆ ಮನೆಗೆ ಕಳಿಸುವವರು

ಪ್ರಕರಣ ಹೀಗಿದೆ ಎಂದು ಇಟ್ಟುಕೊಳ್ಳಿ. ನೆದರ್‌ಲೆಂಡ್ಸಿನ ಪೂರ್ವ ತುದಿಯಲ್ಲಿ, ಜರ್ಮನಿಯ ಗಡಿಗೆ ಅಂಟಿಕೊಂಡಂತಿರುವ ಎನ್ಸ್‌ಕೆಡೆ ನಗರ. ಅಲ್ಲೊಂದು ಚರ್ಚು. ಅದರ ಹಿಂಬದಿಯ ಸಭಾಂಗಣದಲ್ಲಿ ಕಷ್ಟದಲ್ಲಿರುವ ಮನೆಗಳ ಮಕ್ಕಳಿಗಾಗಿ ನಡೆಯುವ ಹಗಲಿನ ಕೇಂದ್ರ. ಬುಧವಾರ ಅಲ್ಲಿನ ಎಷ್ಟೋ ಪ್ರಾಥಮಿಕ ಶಾಲೆಗಳು ಮಧ್ಯಾಹ್ನಕ್ಕೇ ಬಿಡುವುದರಿಂದ ಅವತ್ತು ಮಕ್ಕಳು ಜಾಸ್ತಿ. ಊಟವೆಂದರೆ ಆ ದೇಶದ ರೂಢಿಯಂತೆ ಬ್ರೆಡ್ಡು, ಚೀಸು, ಒಂದು ಲೋಟ ಹಾಲು. ಒಂಬತ್ತು ವರ್ಷದ ಹುಡುಗಿಯೊಬ್ಬಳು ತನ್ನ ಪಾಲಿನ ನಾಲ್ಕು ತುಂಡಿನಲ್ಲಿ ಎರಡನ್ನು ತಿಂದು, ಉಳಿದೆರಡನ್ನು ಕೈ ಒರೆಸುವ ಕಾಗದದಲ್ಲಿ ಮಡಚಿ, ಶಾಲೆಯ ಚೀಲದ ಮುಂದಿನ ಜೇಬಿಗೆ ಇಳಿಸಿ, ಜಿಪ್ ಎಳೆಯುತ್ತಾಳೆ. ಅವಸರವಿಲ್ಲ, ಅಂಜಿಕೆಯೂ ಇಲ್ಲ, ಅಭ್ಯಾಸವಾಗಿಹೋದ ಕೈ.

ಕಂಡವರು ಬಡಿಸುತ್ತಿದ್ದ ಸ್ವಯಂಸೇವಕಿ. ಮೈಸೂರು ಕಡೆಯವರು, ಗಂಡನ ಕೆಲಸದ ನಿಮಿತ್ತ ಆ ಊರು ಸೇರಿದವರು. ಮಕ್ಕಳು ಅವರನ್ನು ಶಾಲೆಯ ಮೇಡಮ್ಮನ್ನು ಕರೆದಂತೆ ‘ಯುಫ್’ ಎಂದೇ ಕರೆಯುತ್ತಾರೆ. “ತಮ್ಮನಿಗೆ” ಎಂದಳು ಹುಡುಗಿ. ಆಮೇಲೆ, “ಯುಫ್, ಯಾರಿಗೂ ಹೇಳಬೇಡಿ” ಎಂದಳು.

ಅವತ್ತು ರಾತ್ರಿ ಆಕೆ ಊರಿಗೆ ಫೋನು ಮಾಡಿ ತಾಯಿಯನ್ನು ಕೇಳುತ್ತಾರೆ. “ಮಗೂ ಹೊಟ್ಟೆ ವಿಷ್ಯ ಕಣೆ, ಇನ್ನೆರಡು ಜಾಸ್ತಿ ಕಟ್ಕೊಡು. ಊರಿಗೆಲ್ಲ ಯಾಕೆ ಗೊತ್ತಾಗ್ಬೇಕು?” ಎನ್ನುತ್ತಾರೆ ತಾಯಿ. ಮಾರನೆಯ ದಿನ ಕೇಂದ್ರದ ಸಹೋದ್ಯೋಗಿಯೊಬ್ಬರು ಇದಕ್ಕೆ ತದ್ವಿರುದ್ಧ ಮಾತಾಡುತ್ತಾರೆ: ಮಗು ಮನೆಯಲ್ಲಿ ಉಪವಾಸವಿದೆ ಎಂದರೆ ತಂದೆತಾಯಿ ನಿರ್ಲಕ್ಷ್ಯ ಮಾಡುತ್ತಿದ್ದಾರೆ, ಇವತ್ತೇ ದೂರು ಕೊಡೋಣ.

ಎರಡೂ ಕಡೆ ಕರುಣೆ ಇದೆ. ಎರಡರಲ್ಲೂ ಒಬ್ಬರು ಮಾತ್ರ ಕಾಣೆಯಾಗಿದ್ದಾರೆ: ಆ ಹುಡುಗಿಯ ತಾಯಿ.

ಆಕೆ ಯಾಕೆ ಬಾಯಿ ಬಿಟ್ಟಿಲ್ಲ ಎಂದು ತಿಳಿಯಬೇಕಾದರೆ ಊರನ್ನು ಸ್ವಲ್ಪ ತಿಳಿಯಬೇಕು. ಎನ್ಸ್‌ಕೆಡೆ ಜವಳಿ ಗಿರಣಿಗಳ ಊರು. ವಾನ್ ಹೇಕ್, ಯಾನಿಂಕ್, ಮೆಂಕೊ ಮನೆತನಗಳ ಗಿರಣಿಗಳು ಅಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಬಟ್ಟೆ ನೇಯ್ದವು. ಕೈಗಳು ಸಾಲದಾದಾಗ ಸ್ಪೇನ್, ಇಟಲಿ, ತುರ್ಕಿಗಳಿಂದ ಕೂಲಿಗಳನ್ನು ಕರೆತಂದವು. 1960–70ರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ದುಡಿಯಲು ಬಂದವರು ಅಲ್ಲೇ ಉಳಿದರು. ತುರ್ಕಿಯ ಆಗ್ನೇಯ ಮೂಲೆಯಿಂದ ಸಿರಿಯಾಕ್ ಕ್ರೈಸ್ತರೂ ಬಂದು ನೆಲೆಸಿದರು. ಹೀಗಾಗಿ ಆ ಸಭಾಂಗಣದ ಮೇಜಿನ ಸುತ್ತ ಕೂರುವ ಮಕ್ಕಳಲ್ಲಿ ಮುಸ್ಲಿಮರು, ಕ್ರೈಸ್ತರು, ಯಾವ ದೇವರನ್ನೂ ಕೇಳಿರದವರು ಎಲ್ಲರೂ ಇರುತ್ತಾರೆ. ಇದೇ ಊರಿನ ರೋಂಬೇಕ್ ಬಡಾವಣೆಯ ನಟ್ಟನಡುವೆ 2000ದ ಮೇ 13ರಂದು ಪಟಾಕಿ ದಾಸ್ತಾನು ಸಿಡಿದು 23 ಜನ ಸತ್ತರು, ನೂರಾರು ಮನೆ ನೆಲಸಮವಾದವು. ಮನೆಗಳ ನಡುವಿನ ಆ ಗೋದಾಮಿಗೆ ಪರವಾನಗಿ ಕೊಟ್ಟದ್ದು, ಮೇಲ್ವಿಚಾರಣೆಯಲ್ಲಿ ಸೋತದ್ದು ಸರಕಾರದ ಕಚೇರಿಗಳೇ ಎಂದು ತನಿಖಾ ಆಯೋಗ ಹೇಳಿತು. ಕಚೇರಿ ನಮ್ಮನ್ನು ಕಾಯುತ್ತದೆ ಎಂಬ ನಂಬಿಕೆ ಒಮ್ಮೆ ಸುಟ್ಟುಹೋದರೆ ಮನೆ ಕಟ್ಟಿದಷ್ಟು ಬೇಗ ಅದನ್ನು ಮತ್ತೆ ಕಟ್ಟಲಾಗುವುದಿಲ್ಲ.

ಅದರ ಮೇಲೆ ಇಡೀ ದೇಶದ ಬಡ ತಾಯಂದಿರಿಗೆ ಇನ್ನೊಂದು ಏಟು ಬಿತ್ತು. ಮಕ್ಕಳ ಪಾಲನಾಕೇಂದ್ರದ ಖರ್ಚಿಗೆ ಸರಕಾರ ಕೊಡುತ್ತಿದ್ದ ಸಹಾಯಧನದಲ್ಲಿ ಮೋಸ ಮಾಡಿದ್ದಾರೆಂದು ತೆರಿಗೆ ಇಲಾಖೆ ಸಾವಿರಾರು ತಂದೆತಾಯಿಗಳ ಮೇಲೆ ಆರೋಪ ಹೊರಿಸಿ, ಕೊಟ್ಟದ್ದನ್ನೆಲ್ಲ ಹಿಂದಿರುಗಿಸಿ ಎಂದಿತು. ಒಂದು ಸಹಿ ಬಿಟ್ಟುಹೋದದ್ದಕ್ಕೂ, ಸಣ್ಣ ಮೊತ್ತ ಕಟ್ಟದೆ ಉಳಿದದ್ದಕ್ಕೂ ಹತ್ತಾರು ಸಾವಿರ ಯೂರೊ ಸಾಲ ತಲೆಗೆ ಬಂತು. ಎರಡು ದೇಶಗಳ ಪೌರತ್ವ ಇದ್ದವರ ಮೇಲೆ ಕಣ್ಣು ಹೆಚ್ಚು. ಅದು ಹಿಂದೆಂದೂ ಕಾಣದ ಅನ್ಯಾಯ ಎಂದು 2020ರ ಡಿಸೆಂಬರಿನಲ್ಲಿ ಸಂಸತ್ತಿನ ಸಮಿತಿಯೇ ಹೇಳಿತು. 2021ರ ಜನವರಿ 15ರಂದು ಮಾರ್ಕ್ ರುಟ್ಟೆ ಸರಕಾರ ರಾಜೀನಾಮೆ ಕೊಟ್ಟಿತು. ಅದೇ ವರ್ಷ ದೇಶದ ಅಂಕಿಅಂಶ ಸಂಸ್ಥೆ ಲೆಕ್ಕ ಹಾಕಿದಾಗ, ಹೀಗೆ ನೊಂದ ಕುಟುಂಬಗಳ 1,115 ಮಕ್ಕಳನ್ನು 2015ರಿಂದ 2020ರ ನಡುವೆ ಮನೆಯಿಂದ ತೆಗೆದು ಬೇರೆಡೆ ಇರಿಸಿದ್ದು ಕಂಡುಬಂತು. ಪ್ರತಿಯೊಂದಕ್ಕೂ ಆ ಸಾಲವೇ ಕಾರಣ ಎನ್ನಲಾಗದು. ಆದರೆ ಆ ಸಂಖ್ಯೆ ಕೇಳಿದ ತಾಯಿ, ಮನೆಯಲ್ಲಿ ಬ್ರೆಡ್ಡು ಮುಗಿದಿದೆ ಎಂದು ಯಾವ ಬಾಯಿಂದ ಹೇಳಿಯಾಳು?

ಇನ್ನು ಕಾನೂನು. 2013ರ ಜುಲೈ 1ರಿಂದ ಆ ದೇಶದಲ್ಲಿ ಶಿಕ್ಷಕರು, ವೈದ್ಯರು, ಮಕ್ಕಳ ಪಾಲನೆಯ ವೃತ್ತಿಯವರು ದೌರ್ಜನ್ಯದ ಅನುಮಾನ ಬಂದಾಗ ಐದು ಹೆಜ್ಜೆಯ ಕ್ರಮವೊಂದನ್ನು ಅನುಸರಿಸಬೇಕು. ಮೊದಲು ಕಂಡದ್ದನ್ನು ಬರೆದಿಡುವುದು, ಆಮೇಲೆ ಸಹೋದ್ಯೋಗಿಯ ಜೊತೆ ವಿಚಾರ, ಅದಾದ ಮೇಲೆ ತಂದೆತಾಯಿಯ ಜೊತೆ ಮಾತು, ಕೊನೆಗೆ ತೂಗಿ ನೋಡಿ ತೀರ್ಮಾನ. ಮಗುವಿಗೆ ತಕ್ಷಣದ ಅಪಾಯವಿದ್ದರೆ ಕಾಯುವಂತಿಲ್ಲ. ಬೇಕಾದರೆ ಮಗುವಿನ ಹೆಸರು ಹೇಳದೆಯೂ ‘ವೇಲಿಖ್ ತೌಸ್’ ಎಂಬ ಸರಕಾರಿ ಸಹಾಯ ಕೇಂದ್ರಕ್ಕೆ ಫೋನು ಮಾಡಿ ಸಲಹೆ ಕೇಳಬಹುದು. ಸ್ವಯಂಸೇವಕಿಯನ್ನು ಈ ಕಾನೂನು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೂ ಅದರ ಅನುಕ್ರಮದಲ್ಲಿ ಒಂದು ಧರ್ಮವಿದೆ ಎಂದು ನನಗನ್ನಿಸುತ್ತದೆ. ತಾಯಿಯ ಬಗ್ಗೆ ಬೇರೆಯವರಿಗೆ ದೂರುವ ಮೊದಲು ತಾಯಿಯ ಹತ್ತಿರ ಮಾತಾಡು ಎನ್ನುತ್ತದೆ ಅದು.

ಚರ್ಚಿನ ಕೇಂದ್ರಕ್ಕೆ ಇದರ ಜೊತೆಗೆ ತನ್ನದೇ ಇನ್ನೊಂದು ಪರೀಕ್ಷೆಯಿದೆ. ಬ್ರೆಡ್ಡಿನ ಮುಂದೆ ಪ್ರಾರ್ಥನೆ ಮಾಡಬೇಕೆ? ನಡೆಸುವವರು ತಮ್ಮ ನಂಬಿಕೆಯನ್ನು ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಬರಬೇಕು ಎಂದು ನಾನು ಹೇಳುವುದಿಲ್ಲ; ಆ ನಂಬಿಕೆಯೇ ಅವರನ್ನು ಬುಧವಾರದ ಮಧ್ಯಾಹ್ನ ಅಲ್ಲಿಗೆ ತಂದಿದೆ. ಅವರು ಕೈಮುಗಿಯಲಿ. ಹಸಿದ ಮಗುವಿನ ತಟ್ಟೆ ಮಾತ್ರ ಅದಕ್ಕೆ ಕಾಯಬಾರದು. ತುಮಕೂರಿನ ಸಿದ್ಧಗಂಗೆಯ ದಾಸೋಹದಲ್ಲಿ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಲ್ಲಿ ಎಲೆ ಹಾಕುವಾಗ ಜಾತಿ ಕೇಳುವುದಿಲ್ಲ, ಮತ ಕೇಳುವುದಿಲ್ಲ.

ನಮ್ಮ ಕರಾವಳಿಯಲ್ಲಿ ಈ ಪರೀಕ್ಷೆ ಎಂಥ ಕಠಿಣ ರೂಪದಲ್ಲಿ ಬಂದಿತ್ತು ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆ ತೆರೆಯಿತು, ಅನಾಥ ಮಕ್ಕಳನ್ನು ಸಾಕಿತು. ಮತಾಂತರಗೊಂಡವರು ಜಾತಿ, ಕಸುಬು, ಮನೆ ಮೂರನ್ನೂ ಕಳೆದುಕೊಂಡು ಬೀದಿಗೆ ಬಿದ್ದಾಗ ಅವರಿಗೆ ಕೆಲಸ ಕೊಡುವ ಹೊಣೆಯೂ ಮಿಷನ್ನಿನ ಮೇಲೆ ಬಂತು. 1851ರಲ್ಲಿ ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ಹುಟ್ಟಿದ್ದು ಹಾಗೆ. ಆ ಜನ ಮಾಡಿದ ಕೆಲಸಕ್ಕೆ ಕನ್ನಡ ನಾಡು ಋಣಿ. ಅದೇ ಮಿಷನ್ನಿನ ಕಿಟ್ಟೆಲರ 1894ರ ಕನ್ನಡ ನಿಘಂಟು ಒಂದೇ ಸಾಕು. ಆದರೆ ಅನ್ನ, ಸೂರು, ದೇವರು ಮೂರೂ ಒಂದೇ ಕೈಯಿಂದ ಬರುವಾಗ, ಅಲ್ಲಿ ಬೆಳೆದ ಮಗು ದೊಡ್ಡದಾಗಿ ‘ನನಗೆ ಈ ನಂಬಿಕೆ ಒಗ್ಗದು’ ಎನ್ನಬೇಕಾದರೆ ಏನೆಲ್ಲ ಬಿಡಬೇಕಿತ್ತು? ಸಹಾಯ ಮಾಡಿದವರು ಒಳ್ಳೆಯವರು ಎಂಬುದು ಈ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಹಗಲಿನ ಕೇಂದ್ರ ಇದಕ್ಕಿಂತ ವಿನಯದ ದಾರಿ. ಅದು ಮಗುವನ್ನು ತನ್ನದಾಗಿಸಿಕೊಳ್ಳುವುದಿಲ್ಲ. ಡಾನ್ ಬಾಸ್ಕೊ ಎಂಬ ಪಾದ್ರಿ ಶುರು ಮಾಡಿದ್ದೂ ಹೀಗೆಯೇ. 1841ರ ಡಿಸೆಂಬರ್ 8ರಂದು ಇಟಲಿಯ ತೂರಿನ್ ನಗರದ ಚರ್ಚೊಂದರಲ್ಲಿ ಅವರಿಗೆ ಸಿಕ್ಕಿದ್ದು ಗಾರೆ ಕೆಲಸದ ಅನಾಥ ಹುಡುಗ ಬಾರ್ತೊಲೊಮಿಯೊ ಗರೆಲ್ಲಿ. ಅವನ ಹಿಂದೆ ಇನ್ನಷ್ಟು ಹುಡುಗರು ಭಾನುವಾರ ಬರುತ್ತಿದ್ದರು, ಆಡುತ್ತಿದ್ದರು, ಕಲಿಯುತ್ತಿದ್ದರು, ಹೋಗುತ್ತಿದ್ದರು. ಮಲಗಲು ಜಾಗವೇ ಇಲ್ಲದವರಿಗಾಗಿ ವಸತಿ ಬಂದದ್ದು ಆಮೇಲೆ. ಅವರು ಕಟ್ಟಿದ ಸಂಘದವರಾದ ಸಲೇಸಿಯನ್ನರು 1980ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಬಾಸ್ಕೊ’, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ, ಬಸ್‌ಸ್ಟ್ಯಾಂಡು, ರೈಲು ನಿಲ್ದಾಣಗಳಲ್ಲಿ ಒಂಟಿಯಾಗಿ ಇಳಿಯುವ ಮಕ್ಕಳನ್ನು ಹುಡುಕಿಕೊಂಡು ಹೋಯಿತು. ಮನೆ ಬಿಟ್ಟು ಬಂದ ಹುಡುಗನಿಗೆ ಊಟ ಕೊಡುವುದು ಅಲ್ಲಿ ಮೊದಲ ಕೆಲಸ; ಆಗುವಂತಿದ್ದರೆ ಅವನ ಮನೆಯನ್ನು ಪತ್ತೆ ಹಚ್ಚಿ ಸೇರಿಸುವುದು ಮುಖ್ಯ ಕೆಲಸ. ಬೀದಿಯ ಹುಡುಗನ ವಿಷಯದಲ್ಲೇ ಮನೆಯ ಆಸೆ ಬಿಡದಿದ್ದ ಮೇಲೆ, ದಿನಾ ಸಂಜೆ ಮನೆಗೆ ಹೋಗುವ ಈ ಹುಡುಗಿಯ ವಿಷಯದಲ್ಲಿ ಬಿಡುವುದು ಹೇಗೆ?

ಹಾಗಾದರೆ ನಮ್ಮ ಮೈಸೂರಿನ ಹೆಣ್ಣುಮಗಳು ಮಾಡಬೇಕಾದ್ದೇನು? ಯಾರಿಗೂ ಹೇಳುವುದಿಲ್ಲ ಎಂದು ಮಗುವಿಗೆ ಮಾತು ಕೊಡಕೂಡದು. ಕೊಟ್ಟ ಮಾತನ್ನು ಮುರಿದರೆ ಮಗು ಇನ್ನು ಯಾರನ್ನೂ ನಂಬುವುದಿಲ್ಲ. ಉಳಿಸಿಕೊಂಡರೆ ಆ ಮನೆಯ ಹಸಿವನ್ನು ಒಂಬತ್ತು ವರ್ಷದವಳೇ ಹೊರುತ್ತಾಳೆ. “ನಿನ್ನ ಅಮ್ಮನ ಜೊತೆ ನಾನೇ ಮಾತಾಡ್ತೀನಿ, ನಿನಗೆ ಗೊತ್ತಿಲ್ಲದೆ ಏನೂ ಮಾಡಲ್ಲ” ಎನ್ನಬಹುದು. ಕಂಡದ್ದನ್ನು, ತಾರೀಖಿನ ಸಮೇತ, ಊಹೆ ಬೆರೆಸದೆ ಬರೆದು ಕೇಂದ್ರದ ಮುಖ್ಯಸ್ಥರಿಗೆ ಕೊಡಬೇಕು. ಸಂಜೆ ಕರೆದೊಯ್ಯಲು ಬಂದ ತಾಯಿಯನ್ನು ಒಳಗೆ ಕರೆದು, ಕಾಫಿ ಕೊಟ್ಟು, ಬೇರೆಯವರ ಕಿವಿಗೆ ಬೀಳದ ಜಾಗದಲ್ಲಿ ಕೂರಿಸಿ ಕೇಳಬೇಕು: ಮನೆಯಲ್ಲಿ ಹೇಗಿದೆ? ಬಡತನ ಎಂದು ಗೊತ್ತಾದರೆ ಆಹಾರ ಬ್ಯಾಂಕಿಗೆ, ಸಾಲದ ಸಲಹೆಗೆ ಜೊತೆಯಲ್ಲಿ ಹೋಗಬೇಕು. ಚೀಟಿ ಬರೆದು ಕಳಿಸಿದರೆ ಸಾಲದು. ಹೊಡೆತ, ಭಯ, ಬೀಗ ಹಾಕಿದ ಕೋಣೆ, ಇಂಥದ್ದರ ಸುಳಿವು ಸಿಕ್ಕರೆ ಮಾತ್ರ ದಾಕ್ಷಿಣ್ಯ ಬೇಡ. ಆಗ ತಾಯಿಯ ಮಾನ, ಚರ್ಚಿನ ಹೆಸರು ಎರಡೂ ಮಗುವಿನ ನಂತರದವು. ಆ ದೇಶದಲ್ಲಿ 0800-2000, ನಮ್ಮಲ್ಲಿ 1098. ಎರಡೂ ಹಗಲು ರಾತ್ರಿ ಎತ್ತುವ, ಕಾಸು ಬೇಡದ ನಂಬರುಗಳು.

ಚರ್ಚು, ಮಠ, ಮಸೀದಿ, ಸಂಘ, ಯಾರು ನಡೆಸುವ ಮಕ್ಕಳ ಕೇಂದ್ರವೇ ಇರಲಿ, ನಿಮ್ಮ ಬಡಾವಣೆಯಲ್ಲಿ ಒಂದಿದ್ದರೆ ಚಂದಾ ಕೊಡುವ ಮೊದಲು ಒಂದು ಸಂಜೆ ಅಲ್ಲಿಗೆ ಹೋಗಿ. ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರ ಜೊತೆ ಅಲ್ಲಿಯವರು ಹೇಗೆ ಮಾತಾಡುತ್ತಾರೆ ನೋಡಿ. ಕುರ್ಚಿ ಕೊಟ್ಟು ಮಾತಾಡುತ್ತಾರಾದರೆ, ಕೈಲಾದಷ್ಟು ಕೊಡಿ.