ಕಾಣಲಿಲ್ಲ ಎಂಬುದೂ ಇಲ್ಲ ಎಂಬುದೂ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಗಾದೆ ಹೇಳುತ್ತದೆ. ಕಣ್ಣೆದುರಿಗೆ ಕಂಡದ್ದನ್ನೂ ಒಮ್ಮೆ ಪರೀಕ್ಷಿಸು ಎಂಬ ಎಚ್ಚರಿಕೆ ಅದು. ಆದರೆ ಕಾಣದೆ ಹೋದದ್ದರ ಬಗ್ಗೆ ಏನು ಮಾಡಬೇಕು? ಗಾದೆ ಅಲ್ಲಿ ಸುಮ್ಮನಾಗುತ್ತದೆ. ಈ ಪ್ರಶ್ನೆ ನನಗೆ ಎದುರಾದದ್ದು ಒಂದು ಹಳೆಯ ಕಂಪ್ಯೂಟರಿನ ಮುಂದೆ, ನಾನೇ ಕಟ್ಟಿದ ಒಂದು ಸಣ್ಣ ಉಪಕರಣದ ದೆಸೆಯಿಂದ.

ಆಸಿಲೋಸ್ಕೋಪ್ ಎಂದರೆ ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಯಂತ್ರ. ಪರದೆಯ ಎಡದಿಂದ ಬಲಕ್ಕೆ ಕಾಲ ಸಾಗುತ್ತದೆ, ಕೆಳಗಿನಿಂದ ಮೇಲಕ್ಕೆ ವೋಲ್ಟೇಜು ಏರುತ್ತದೆ. ಕಾರ್ಲ್ ಫರ್ಡಿನಾಂಡ್ ಬ್ರೌನ್ 1897ರಲ್ಲಿ ರೂಪಿಸಿದ ಕ್ಯಾಥೋಡ್ ಕಿರಣದ ನಳಿಕೆ ಇದರ ಮೂಲ. ಕಾಲೇಜಿನ ಪ್ರಯೋಗಾಲಯದಲ್ಲಿರುವಂಥದ್ದು ದುಬಾರಿ. ಆದರೆ ಕಂಪ್ಯೂಟರಿನ ಸೌಂಡ್ ಕಾರ್ಡ್ ಕೂಡ ಇದೇ ಕೆಲಸವನ್ನು ಮಾಡುತ್ತದೆ. ಒಳಬರುವ ವೋಲ್ಟೇಜನ್ನು ಸೆಕೆಂಡಿಗೆ 44,100 ಸಲ ಅಳೆದು ಸಂಖ್ಯೆಯಾಗಿ ಬರೆದುಕೊಳ್ಳುತ್ತದೆ. ಆ ಸಂಖ್ಯೆಗಳನ್ನು ಗೆರೆಯಾಗಿ ಎಳೆಯುವ ಉಚಿತ ತಂತ್ರಾಂಶಗಳು ಬೇಕಾದಷ್ಟಿವೆ.

ಹಾಗಾಗಿ ನನಗೆ ಬೇಕಾದದ್ದು ಒಂದು 3.5 ಮಿಲಿಮೀಟರಿನ ಆಡಿಯೊ ಪಿನ್, ಒಂದು ಗಜ ತಂತಿ, ಎರಡು ರೆಸಿಸ್ಟರ್, ಎರಡು ಡಯೋಡ್ ಮಾತ್ರ. 100 ಕಿಲೋ ಓಮ್ ಮತ್ತು 10 ಕಿಲೋ ಓಮ್ ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿ ಚಿಕ್ಕದರ ಎರಡು ತುದಿಗಳಿಂದ ತಂತಿ ತೆಗೆದರೆ, ಬಂದ ವೋಲ್ಟೇಜಿನ ಹನ್ನೊಂದರಲ್ಲಿ ಒಂದು ಪಾಲು ಮಾತ್ರ ಕಂಪ್ಯೂಟರಿಗೆ ಹೋಗುತ್ತದೆ. ಎದುರುಬದುರಾಗಿ ಕೂಡಿಸಿದ ಎರಡು ಡಯೋಡುಗಳು, ಸುಮಾರು 0.6 ವೋಲ್ಟಿಗಿಂತ ಹೆಚ್ಚು ಒಳನುಗ್ಗದಂತೆ ಕಾಯುತ್ತವೆ. ಗೋಡೆಯ ಸಾಕೆಟ್ಟಿನ 230 ವೋಲ್ಟಿಗೆ ಮಾತ್ರ ಇದನ್ನು ಎಂದೂ ತಾಗಿಸಬಾರದು. ಅಲ್ಲಿ ಈ ಕಾವಲು ಸಾಲದು, ಪ್ರಾಣಕ್ಕೇ ಅಪಾಯ.

ಪಿನ್ನನ್ನು ಹಳೆಯ ಕಂಪ್ಯೂಟರಿನ ತಿಳಿನೀಲಿ ಬಣ್ಣದ ಲೈನ್-ಇನ್ ತೂತಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬೆರಳಿನಲ್ಲಿ ಮುಟ್ಟಿದೆ. ಪರದೆಯ ಮೇಲೆ ಅಲೆಯೊಂದು ಎದ್ದಿತು. ಒಂದು ಅಲೆಗೆ 20 ಮಿಲಿಸೆಕೆಂಡು, ಎಂದರೆ ಸೆಕೆಂಡಿಗೆ 50 ಅಲೆ. ಮನೆಯ ಗೋಡೆಗಳೊಳಗಿನ ಕರೆಂಟನ್ನು ನನ್ನ ಮೈಯೇ ಆಂಟೆನಾದಂತೆ ಹಿಡಿದು ತೋರಿಸುತ್ತಿತ್ತು. ಅಂದಿನಿಂದ ಆ ಗೆರೆಯನ್ನು ನಾನು ನಂಬಿದೆ. ಸ್ವಲ್ಪ ಹೆಚ್ಚಾಗಿಯೇ ನಂಬಿದೆ.

ಡಿಪ್ಲೊಮಾ ಓದುತ್ತಿದ್ದ ಅಣ್ಣನ ಮಗ ಒಂದು ಭಾನುವಾರ ತಾನು ಕಟ್ಟಿದ ಪವರ್ ಸಪ್ಲೈ ತಂದ. 9 ವೋಲ್ಟಿನ ಬ್ಯಾಟರಿ, ಅದರ ಮುಂದೆ 7805 ಎಂಬ ರೆಗ್ಯುಲೇಟರ್. ಹೊರಗೆ ಸ್ಥಿರವಾಗಿ 5 ವೋಲ್ಟ್ ಬರಬೇಕು. ‘ಚಿಕ್ಕಪ್ಪ, ನಿಮ್ಮ ಸ್ಕೋಪಲ್ಲಿ ಒಂದ್ಸಲ ನೋಡ್ತೀರಾ?’ ಎಂದ. ತಂತಿ ತಾಗಿಸಿದೆ. ಗೆರೆ ಒಮ್ಮೆ ಮೇಲಕ್ಕೆ ಜಿಗಿದು, ಕೂಡಲೇ ಸೊನ್ನೆಗೆ ಇಳಿದು ಮಲಗಿಬಿಟ್ಟಿತು. ಆ ಜಿಗಿತವನ್ನು ನಾನು ತಂತಿ ಅಲುಗಿದ್ದಕ್ಕೆ ಬಂದದ್ದು ಅಂದುಕೊಂಡೆ. ‘ಏನೂ ಬರ್ತಾ ಇಲ್ಲ ಕಣೋ, ಬೆಸುಗೆ ಸರಿಯಾಗಿ ಕೂತಿಲ್ಲ’ ಎಂದೆ. ಅವನು ವಾದ ಮಾಡಲಿಲ್ಲ. ಮನೆಗೆ ಹೋಗಿ ಬೆಸುಗೆ ಬಿಚ್ಚಿದ, ಮತ್ತೆ ಹಾಕಿದ, ಮತ್ತೆ ಬಿಚ್ಚಿದ. ಮೂರನೆಯ ಸಲಕ್ಕೆ ಬೋರ್ಡಿನ ತಾಮ್ರದ ಪಟ್ಟಿಯೇ ಎದ್ದು ಬಂತು. ಹೊಸ ಬೋರ್ಡಿನಲ್ಲಿ ಎಲ್ಲವನ್ನೂ ಕಟ್ಟಿ, ಗೆಳೆಯನ ಮಲ್ಟಿಮೀಟರಿನಲ್ಲಿ ಅಳೆದು ಫೋನ್ ಮಾಡಿದ: ‘ಚಿಕ್ಕಪ್ಪ, ಮೀಟರಲ್ಲಿ ಐದು ವೋಲ್ಟ್ ತೋರಿಸ್ತಿದೆ.’ ನನ್ನ ಸ್ಕೋಪಿಗೆ ತಾಗಿಸಿದರೆ ಹೊಸ ಬೋರ್ಡಿಗೂ ಅದೇ ಸೊನ್ನೆ. ಬಹುಶಃ ಮೊದಲಿನ ಬೋರ್ಡೂ ಸರಿಯಾಗಿಯೇ ಇತ್ತು.

ಕಾರಣ ಸರಳವಾದದ್ದು. ಸೌಂಡ್ ಕಾರ್ಡ್ ಇರುವುದು ಶಬ್ದಕ್ಕಾಗಿ. ಏರಿಳಿಯದೆ ನಿಂತ ವೋಲ್ಟೇಜು ಶಬ್ದವಲ್ಲ. ಆದ್ದರಿಂದ ಅದರ ಬಾಗಿಲಲ್ಲಿ ಒಂದು ಕೆಪ್ಯಾಸಿಟರ್ ಇಟ್ಟಿರುತ್ತಾರೆ. ಬದಲಾಗುವುದನ್ನು ಅದು ಒಳಗೆ ಬಿಡುತ್ತದೆ, ಸ್ಥಿರವಾಗಿರುವುದನ್ನು ತಡೆಯುತ್ತದೆ. ನಾನು ಕಂಡ ಆ ಒಂದು ಜಿಗಿತ, 5 ವೋಲ್ಟು ಬಂದ ಕ್ಷಣದ್ದು. ಆಮೇಲಿನ ಸೊನ್ನೆ, ಆ 5 ವೋಲ್ಟು ಕದಲದೆ ನಿಂತದ್ದರ ಗುರುತು. ಹುಡುಗನ ಸರ್ಕ್ಯೂಟು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೋ ನನ್ನ ಪರದೆ ಅಷ್ಟು ಖಾಲಿಯಾಗಿರುತ್ತದೆ. ಸ್ಥಿರವಾಗಿರುವುದೇ ಅದರ ಗುಣ, ಅದನ್ನೇ ನನ್ನ ಉಪಕರಣ ‘ಏನೂ ಇಲ್ಲ’ ಎಂದು ಓದಿಸಿತು.

ಉಪಕರಣ ಸುಳ್ಳು ಹೇಳಿತೇ? ಇಲ್ಲ. ಅದು ಹೇಳಿದ್ದು ‘ಬದಲಾವಣೆ ಕಾಣಲಿಲ್ಲ’ ಎಂದು ಮಾತ್ರ. ಅದನ್ನು ‘ಇಲ್ಲ’ ಮಾಡಿದ್ದು ನಾನು. ಕನ್ನಡದಲ್ಲಿ ‘ಕಾಣಲಿಲ್ಲ’ ಎಂಬ ಮಾತಿನ ಬಾಲದಲ್ಲೇ ‘ಇಲ್ಲ’ ಇದೆ. ಮುಂದಿನ ಭಾಗವನ್ನು ನುಂಗಿಬಿಟ್ಟರೆ ಉಳಿಯುವುದು ಅದೊಂದೇ. ‘ಕಾಣಲಿಲ್ಲ’ ಎಂದಾಗ ನಾನು ಮಾತಾಡುತ್ತಿರುವುದು ನನ್ನ ನೋಟದ ಬಗ್ಗೆ. ‘ಇಲ್ಲ’ ಎಂದಾಗ ಎದುರಿಗಿರುವವನ ಕೆಲಸದ ಬಗ್ಗೆ ತೀರ್ಪು ಕೊಡುತ್ತಿದ್ದೇನೆ.

ನಮ್ಮ ದಾರ್ಶನಿಕರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಹಿಡಿದು ಚರ್ಚಿಸಿದ್ದಾರೆ. ಭಾಟ್ಟ ಮೀಮಾಂಸಕರು ಮತ್ತು ಅದ್ವೈತಿಗಳು ಪ್ರಮಾಣಗಳು ಆರು ಎಂದರು. ಅವುಗಳಲ್ಲಿ ಕೊನೆಯದು ಅನುಪಲಬ್ಧಿ, ಅಂದರೆ ಕಾಣದಿರುವಿಕೆ. ಮೇಜಿನ ಮೇಲೆ ಮಡಕೆ ಕಾಣದಿದ್ದರೆ ಅಲ್ಲಿ ಮಡಕೆ ಇಲ್ಲ ಎಂಬ ತಿಳಿವಳಿಕೆ ಹುಟ್ಟುತ್ತದಲ್ಲ, ಅದು. ಆದರೆ ಅದಕ್ಕೊಂದು ಷರತ್ತು ಹಾಕಿದರು: ಅದು ಯೋಗ್ಯಾನುಪಲಬ್ಧಿ ಆಗಿರಬೇಕು. ಮಡಕೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿ ಇರಬೇಕು. ಬೆಳಕಿನಲ್ಲಿ ಕಾಣದ ಮಡಕೆ ಇಲ್ಲ ಎನ್ನಬಹುದು, ಕತ್ತಲಲ್ಲಿ ಕಾಣದ ಮಡಕೆಯ ಬಗ್ಗೆ ಹಾಗೆ ಹೇಳಲಾಗದು. ಸ್ಥಿರ ವೋಲ್ಟೇಜಿನ ಮಟ್ಟಿಗೆ ನನ್ನ ಸ್ಕೋಪು ಕತ್ತಲೆ ಕೋಣೆ. ನಾನು ಕತ್ತಲಲ್ಲಿ ತಡಕಾಡಿ ‘ಮಡಕೆ ಇಲ್ಲ’ ಎಂದಿದ್ದೆ.

ಉಪಕರಣದಿಂದ ಮೋಸಹೋಗುವ ಇನ್ನೊಂದು ಬಗೆಯೂ ಇದೆ. ಇದೇ ಕೆಲಸವನ್ನು ಆರ್ಡುಯಿನೊ ಬೋರ್ಡಿನಲ್ಲೂ ಮಾಡಬಹುದು. ಅದಕ್ಕೆ ಸ್ಥಿರ ವೋಲ್ಟೇಜು ಕಾಣುತ್ತದೆ. ಅದು ಸೆಕೆಂಡಿಗೆ 10,000 ಸಲ ಅಳೆಯುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 9,900 ಸಲ ಕಂಪಿಸುವ ಅಲೆಯನ್ನು ಕೊಟ್ಟರೆ, ಪರದೆಯ ಮೇಲೆ 100 ಸಲ ಕಂಪಿಸುವ ನಿಧಾನದ, ಸುಂದರವಾದ ಅಲೆ ಕಾಣುತ್ತದೆ. ಅಂಥ ಅಲೆ ಅಲ್ಲಿಲ್ಲ. ಸಿನಿಮಾದಲ್ಲಿ ಮುಂದಕ್ಕೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣಕ್ಕೆ. ಅಲೆಯ ವೇಗದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯದೆ ಅದನ್ನು ನಿಜವಾಗಿ ಹಿಡಿಯಲಾಗದು ಎಂಬುದನ್ನು ಕ್ಲಾಡ್ ಶಾನನ್ 1949ರ ತನ್ನ ಪ್ರಬಂಧದಲ್ಲಿ ಗಣಿತದಿಂದ ತೋರಿಸಿದ್ದಾನೆ. ಸೌಂಡ್ ಕಾರ್ಡಿನಲ್ಲಿ ಅಂಥ ವೇಗದ ಅಲೆಗಳನ್ನು ಮೊದಲೇ ಸೋಸಿಬಿಡುವ ಏರ್ಪಾಡು ಇರುತ್ತದೆ. ಆರ್ಡುಯಿನೊದಲ್ಲಿ ಅದನ್ನು ನಾವೇ ಮಾಡಿಕೊಳ್ಳಬೇಕು. ಒಂದು, ತನಗೆ ಎಟುಕದ್ದರ ಬಗ್ಗೆ ಮೌನವಾಗಿರುತ್ತದೆ. ಇನ್ನೊಂದು, ಎಟುಕದ್ದನ್ನು ತನಗೆ ಎಟುಕುವ ಆಕಾರಕ್ಕೆ ಇಳಿಸಿ ತೋರಿಸುತ್ತದೆ. ಮನುಷ್ಯರಲ್ಲೂ ಈ ಎರಡು ಜಾತಿಯವರಿದ್ದಾರೆ. ನಾವೆಲ್ಲರೂ ಒಂದೊಂದು ಹೊತ್ತಿನಲ್ಲಿ ಒಂದೊಂದು ಜಾತಿ.

ಹೀಗೆ ಎಲ್ಲವನ್ನೂ ಅನುಮಾನಿಸುತ್ತಾ ಕೂತರೆ ಯಾವ ಕೆಲಸವೂ ಸಾಗುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಡಾಕ್ಟರು, ಮೇಷ್ಟ್ರು, ನ್ಯಾಯಾಧೀಶರು, ಯಾರಾದರೂ ಒಂದು ಹಂತದಲ್ಲಿ ‘ಇಲ್ಲ’ ಎನ್ನಲೇಬೇಕು. ಆದರೆ ಯೋಗ್ಯತೆಯ ಷರತ್ತು ಕೇಳುವುದು ಕೊನೆಯಿಲ್ಲದ ಅನುಮಾನವನ್ನಲ್ಲ, ಒಂದು ಪರೀಕ್ಷೆಯನ್ನು. ಮನೆಯ ಗೋಡೆ ಗಡಿಯಾರದಿಂದ 1.5 ವೋಲ್ಟಿನ ಸೆಲ್ ತೆಗೆದು ಸ್ಕೋಪಿಗೆ ತಾಗಿಸಿದ್ದರೆ ಸಾಕಿತ್ತು. ಇದೆ ಎಂದು ನನಗೆ ಮೊದಲೇ ಗೊತ್ತಿರುವ ವಸ್ತುವನ್ನು ಈ ಉಪಕರಣ ಕಾಣಬಲ್ಲುದೇ? ಎರಡು ನಿಮಿಷದ ಕೆಲಸ. ಅದನ್ನು ಮಾಡದೆ ಕೊಟ್ಟ ತೀರ್ಪಿನ ಬೆಲೆಯನ್ನು ತೆತ್ತದ್ದು ಹುಡುಗ. ನೋಡುವವನ ಉದಾಸೀನಕ್ಕೆ ನೋಡಿಸಿಕೊಂಡವನು ದಂಡ ಕಟ್ಟುವುದು ಎಲ್ಲೆಲ್ಲೂ ನಡೆಯುತ್ತದೆ. ಮೂರು ಗಂಟೆಯ ಬರವಣಿಗೆಯ ಪರೀಕ್ಷೆ, ಬೇಗ ಬರೆಯಬಲ್ಲವನ ಜಾಣತನವನ್ನು ಕಾಣುತ್ತದೆ; ನಿಧಾನವಾಗಿ ಆಳಕ್ಕಿಳಿಯುವವನದ್ದು ಅದಕ್ಕೆ ಸೊನ್ನೆ. ಅಂಕಪಟ್ಟಿಯಲ್ಲಿ ಮಾತ್ರ ‘ಕಾಣಲಿಲ್ಲ’ ಎಂದು ಬರೆದಿರುವುದಿಲ್ಲ.

ಅಂಗಡಿಯಲ್ಲಿ ಕೊಂಡ ಆಸಿಲೋಸ್ಕೋಪಿನ ಮುಖದ ಮೇಲೆ ‘100 ಮೆಗಾಹರ್ಟ್ಸ್’ ಎಂದೋ ಇನ್ನೇನೋ ಬರೆದಿರುತ್ತದೆ. ಹೆಚ್ಚಿನವರು ಅದನ್ನು ಅದರ ಶಕ್ತಿಯೆಂದು ಓದುತ್ತಾರೆ. ನಿಜವಾಗಿ ಅದೊಂದು ಒಪ್ಪಿಗೆ. ಆ ವೇಗದ ಅಲೆಯನ್ನು ಅದು ಇರುವ ಎತ್ತರದ ಸುಮಾರು ನೂರಕ್ಕೆ 70ರಷ್ಟು ಮಾತ್ರ ತೋರಿಸುತ್ತೇನೆ, ಅದರಾಚೆ ಇನ್ನೂ ಕಡಿಮೆ ಎಂದು ಅದರ ಅರ್ಥ. ದುಬಾರಿಯದಕ್ಕೂ ಮಿತಿಯಿದೆ, ಆದರೆ ಮಿತಿಯನ್ನು ಬೇರೆ ಯಾರೋ ಅಳೆದು ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ಕಟ್ಟಿದ್ದಕ್ಕೆ ಆ ಬರಹವಿಲ್ಲ. ‘ಯಂತ್ರ ಹಾಗೆ ತೋರಿಸಿತು, ನಾನೇನು ಮಾಡಲಿ’ ಎಂಬ ನೆಪವೂ ಇಲ್ಲ, ಯಂತ್ರ ಕಟ್ಟಿದವನು ನಾನೇ ಆದ್ದರಿಂದ. ಸ್ವಂತ ಕೈಯಿಂದ ಉಪಕರಣ ಮಾಡುವುದರ ನೈತಿಕ ಲಾಭ ಇದೇ ಎಂದು ನನಗೀಗ ಅನ್ನಿಸುತ್ತದೆ. ಉಳಿಯುವ ದುಡ್ಡಿನದು ಆಮೇಲಿನ ಮಾತು. ಯೋಚಿಸಿದರೆ, ನಮ್ಮ ಅಭಿಪ್ರಾಯಗಳೂ ಅಭಿರುಚಿಗಳೂ ಜನರನ್ನು ಅಳೆಯುವ ನಮ್ಮ ಅಳತೆಗೋಲುಗಳೂ ಮನೆಯಲ್ಲೇ ಕಟ್ಟಿಕೊಂಡವು. ಅವುಗಳ ಮುಖದ ಮೇಲೂ ಏನೂ ಬರೆದಿಲ್ಲ.

ಅಣ್ಣನ ಮಗನಿಗೆ ‘ತಪ್ಪು ನನ್ನದು ಕಣೋ’ ಎಂದೆ. ‘ಪರವಾಗಿಲ್ಲ ಬಿಡಿ ಚಿಕ್ಕಪ್ಪ, ಬೆಸುಗೆ ಹಾಕೋದು ಚೆನ್ನಾಗಿ ಬಂತು’ ಎಂದು ನಕ್ಕ. ಆಮೇಲೆ ಸ್ಕೋಪಿನ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ, ‘ನಿಂತಿರುವುದು ಇದಕ್ಕೆ ಕಾಣುವುದಿಲ್ಲ’ ಎಂದು ಬರೆದೆ. ಅದನ್ನು ಓದಿದವರೆಲ್ಲ ನನ್ನನ್ನೇ ಒಮ್ಮೆ ನೋಡುತ್ತಾರೆ.