ಕೈ ಚಾಚುವ ಮುನ್ನ

ಮನೆಯ ಶೆಡ್ಡಿನಲ್ಲಿ ಅಪ್ಪನ ಪುಟ್ಟ ಟೇಬಲ್ ಸಾ ಇದೆ. ಅದರ ಮೇಜು ತೀರಾ ಚಿಕ್ಕದು. ಕಪಾಟಿಗೆಂದು 6 ಅಡಿ ಉದ್ದದ ಪ್ಲೈವುಡ್ ಸೀಳುತ್ತಿದ್ದಾಗ, ಬ್ಲೇಡ್ ದಾಟಿದ ಭಾಗ ಆಚೆಗೆ ವಾಲಿತು. ಅದನ್ನು ಹಿಡಿಯಲು ನನ್ನ ಕೈ ತಿರುಗುವ ಬ್ಲೇಡಿನ ಮೇಲಿಂದಲೇ ಚಾಚಿತು. ಪುಣ್ಯಕ್ಕೆ ಏನೂ ಆಗಲಿಲ್ಲ.

"ಕೈ ತಾನಾಗೇ ಹೋಯ್ತು ಅಪ್ಪಾ" ಎಂದೆ.

"ಹೋಗೇ ಹೋಗುತ್ತೆ. ಆ ಕಡೆ ಸ್ಟ್ಯಾಂಡ್ ಯಾಕೆ ಇಡಲಿಲ್ಲ?" ಎಂದರು.

ತಾನಾಗಿ ಆದದ್ದಕ್ಕೆ ಹೊಣೆ ಯಾರು ಎಂಬುದೇ ನನ್ನ ಪಿಎಚ್‌ಡಿ ವಿಷಯ. ಕುಡಿದವನ ತಪ್ಪಿಗೂ ಅವನೇ ಹೊಣೆ, ಏಕೆಂದರೆ ಕುಡಿಯದಿರುವುದು ಅವನ ಕೈಯಲ್ಲಿತ್ತು ಎನ್ನುತ್ತಾನೆ ಅರಿಸ್ಟಾಟಲ್. ಇದನ್ನು ಎಷ್ಟೋ ಸಲ ಬರೆದಿದ್ದೇನೆ. ಆದರೂ ಹೊಣೆಯೆಂದರೆ ಆ ಕ್ಷಣದ ಎಚ್ಚರ ಎಂದೇ ನಂಬಿದ್ದೆ. ನನ್ನ ತಪ್ಪು ಆಗಿದ್ದು ಸ್ವಿಚ್ ಒತ್ತುವ ಮೊದಲೇ. ಮೇಜಿನಷ್ಟೇ ಎತ್ತರದ ಸ್ಟ್ಯಾಂಡ್ ಮಾಡಿಕೊಂಡೆ. ಇನ್ನು ಅಧ್ಯಾಯವನ್ನು ತಿದ್ದಬೇಕು.